ಶ್ವಾಂಗಕ್ಕನನ್ನು ಕೇಳಿಕೊಂಡು ಬನ್ನಿ

ಜಿಲಿನ್ ಪಟ್ಟಣದಲ್ಲಿ ರೈಲು ಇಳಿದು, ಹೊಳೆ ನಡುವಿನ ನಮ್ಮ ದ್ವೀಪಕ್ಕೆ ಯಾವಾಗ ಹೋದರೆ ಒಳ್ಳೆಯದು ಎಂದು ಯಾರನ್ನೇ ಕೇಳಿ, ಟ್ಯಾಕ್ಸಿಯವನಾಗಲಿ ಟೋಪಿ ಮಾರುವವಳಾಗಲಿ, ಒಂದೇ ಉತ್ತರ ಬರುತ್ತದೆ: “ಶ್ವಾಂಗಕ್ಕನ್ನ ಕೇಳ್ಕೊಂಡು ಹೋಗಿ.”

ಈ ಶ್ವಾಂಗಕ್ಕ ನನ್ನ ಗಂಡನ ಅಕ್ಕ. ಅರವತ್ತಮೂರು ವರ್ಷ, ನನ್ನ ಹೆಗಲಿಗೆ ಬರುವಷ್ಟು ಎತ್ತರ, ಕೆನ್ನೆ ಎರಡೂ ಚಳಿಗೆ ಸುಟ್ಟು ಕೆಂಪಾಗಿವೆ. ಅವಳ ಮನೆಗೂ ನಮ್ಮ ಮನೆಗೂ ಮಧ್ಯೆ ಒಂದು ಜೋಳದ ಕಣಜ. ಚಳಿಗಾಲದಲ್ಲಿ ಎರಡೂ ಮನೆಯಲ್ಲಿ ಪರವೂರಿನವರಿಗೆ ಇಳಿದುಕೊಳ್ಳಲು ಕೋಣೆ ಕೊಡುತ್ತೇವೆ, ಅವಳಲ್ಲಿ ನಾಲ್ಕು, ನಮ್ಮಲ್ಲಿ ಮೂರು. ಜನ ಬರುವುದು ಹಿಮಹೂ ನೋಡುವುದಕ್ಕೆ. ಮೇಲಿನ ಅಣೆಕಟ್ಟಿನಿಂದ ಇಳಿದು ಬರುವ ನೀರು ಎಂಥ ಚಳಿಗೂ ಹೆಪ್ಪುಗಟ್ಟುವುದಿಲ್ಲ, ಹೊಗೆಯಾಡುತ್ತದೆ. ಆ ಹಬೆ ದಂಡೆಯ ಮರಗಳಿಗೆ ಮೆತ್ತಿಕೊಂಡು ಬೆಳಗಾಗುವಷ್ಟರಲ್ಲಿ ಒಂದೊಂದು ಕಡ್ಡಿಗೂ ಬಿಳಿ ಹೂ ಕಟ್ಟಿರುತ್ತದೆ. ಕಟ್ಟಿದರೆ ಕಟ್ಟಿತು, ಇಲ್ಲದಿದ್ದರೆ ಇಲ್ಲ. ಒಂದು ವಾರ ದಿನಾ ಕಟ್ಟುತ್ತದೆ, ಆಮೇಲೆ ಹತ್ತು ದಿನ ಮರ ಬೋಳು. ಎರಡು ಸಾವಿರ ಮೈಲಿ ದೂರದಿಂದ ಬಂದವರು ಆ ಹತ್ತು ದಿನದಲ್ಲಿ ಸಿಕ್ಕಿಕೊಂಡರೆ ಅವರ ಮುಖ ನೋಡಲಾಗುವುದಿಲ್ಲ.

ಅದಕ್ಕೇ ಡಿಸೆಂಬರ್ ಬಂತೆಂದರೆ ಅವಳ ಫೋನಿಗೆ ಉಸಿರಾಡಲು ಪುರುಸೊತ್ತಿಲ್ಲ.

“ಹಲೋ, ಜನವರಿ ಹದಿನೇಳಕ್ಕೆ ನಾವು ಐದು ಜನ ಬರ್ತೀವಿ. ಅವತ್ತು ಹೂ ಗ್ಯಾರಂಟಿ ಇರುತ್ತಲ್ವಾ?” ಎಂದು ಷೆಂಝೆನ್‌ನಿಂದ ಯಾವನೋ ಕೇಳುತ್ತಾನೆ.

“ಹದಿನೇಳಕ್ಕೆ ನಾನು ಬದುಕಿರ್ತೀನಾ ಅನ್ನೋದೇ ಗ್ಯಾರಂಟಿ ಇಲ್ವಲ್ಲಪ್ಪಾ! ಟಿಕೆಟ್ ತಗೋಬೇಡ. ಬಟ್ಟೆ ಕಟ್ಕೊಂಡು ಕೂತಿರು. ನಾನು ಫೋನ್ ಮಾಡಿದ ದಿನ ಹೊರಡು.”

“ಅಷ್ಟು ಬೇಗ ಟಿಕೆಟ್ ಸಿಗಲ್ಲ ಆಂಟಿ...”

“ಸಿಗದಿದ್ರೆ ಮನೇಲಿ ಬೆಚ್ಚಗಿರು. ಸುಳ್ಳು ಹೇಳಿ ಕರೆಸ್ಕೊಳ್ಳಕ್ಕೆ ನೀನೇನು ನನ್ನ ಅಳಿಯನಾ?”

ಪಕ್ಕದಲ್ಲಿ ಕೂತು ಇದನ್ನು ಕೇಳುವಾಗ ನನ್ನ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ಗಾಳಿ ಬಂದಾಗ ತೂರಿಕೊಳ್ಳಬೇಕು. ನಮ್ಮ ಊರಿಗೆ ಗಾಳಿ ಬೀಸುವುದು ವರ್ಷಕ್ಕೆ ಎರಡು ತಿಂಗಳು. ಇವಳು ಬರುವವರನ್ನು ಬಾಗಿಲಲ್ಲೇ ತಡೆದರೆ ನನ್ನ ಮೂರು ಕೋಣೆಗೂ ಅದೇ ಗತಿ.

“ಅಕ್ಕ, ‘ಇರಬಹುದು’ ಅಂದ್ಬಿಡು. ಅದು ಸುಳ್ಳಲ್ಲ, ಪಳ್ಳಲ್ಲ” ಅಂದೆ ಒಂದು ಸಲ.

“ನೀನು ಹೇಳ್ಕೋ. ನಿನ್ನ ಫೋನ್ ಬೇರೆ ಇದೆಯಲ್ಲ.”

ನನ್ನ ಫೋನಿಗೆ ಯಾರು ಮಾಡುತ್ತಾರೆ? ಎಲ್ಲರಿಗೂ ಅವಳೇ ಬೇಕು.

ಸಾಯಂಕಾಲ ನಾಲ್ಕಕ್ಕೆ ಅವಳು ದಂಡೆಗೆ ಹೋಗಿ ನಿಲ್ಲುತ್ತಾಳೆ. ಹೊಳೆಯ ಹೊಗೆ ನೀರಿಗೆ ಅಂಟಿಕೊಂಡಿದೆಯೋ ಮೇಲೆದ್ದಿದೆಯೋ, ಆಚೆ ದಡದ ಮನೆಗಳ ಹೊಗೆ ನೆಟ್ಟಗೆ ಹೋಗುತ್ತಿದೆಯೋ ಬಾಗಿದೆಯೋ, ಕಾಲ ಕೆಳಗಿನ ಹಿಮ ಯಾವ ದನಿಯಲ್ಲಿ ಕಿರುಗುಟ್ಟುತ್ತಿದೆ, ಎಲ್ಲ ನೋಡುತ್ತಾಳೆ. ಕೊನೆಗೆ ಬಲಗೈ ಗವಸು ಬಿಚ್ಚಿ, ಬೆರಳಿಗೆ ಉಗುಳು ಹಚ್ಚಿ, ದೋಣಿ ಕಟ್ಟುವ ಕಬ್ಬಿಣದ ಗೂಟ ಮುಟ್ಟುತ್ತಾಳೆ. ಬೆರಳು ಎಷ್ಟು ಬಿಗಿಯಾಗಿ ಕಚ್ಚಿಕೊಂಡಿತು ಎನ್ನುವುದರ ಮೇಲೆ ಮಾತು. ಅಪ್ಪ ಕಲಿಸಿದ್ದಂತೆ. ಅವಳು “ನಾಳೆ” ಎಂದರೆ ನಾಳೆ. ಹತ್ತಕ್ಕೆ ಒಂಬತ್ತು ಸಲ ಸರಿ. ತಪ್ಪಿದ ಆ ಒಂದು ಸಲ ಬಂದವರಿಗೆ ಕಬ್ಬಿಣದ ಬಾಣಲೆಯಲ್ಲಿ ಇಡೀ ಮೀನು ಬೇಯಿಸಿ ಬಡಿಸಿ, “ನನ್ನ ತಪ್ಪು, ತಿನ್ನಿ” ಎನ್ನುತ್ತಾಳೆ.

ಬೇರೆ ಕಾಲದ ಬಗ್ಗೆ ಕೇಳಿದರೂ ಅದೇ ನಿಷ್ಠುರ. “ಏಪ್ರಿಲಾ? ಬೇಡ. ಗಾಳಿ ನಿಮ್ಮ ಟೋಪೀನ ಕೊರಿಯಾಕ್ಕೆ ತಗೊಂಡ್ಹೋಗುತ್ತೆ, ಕೆಸರು ನಿಮ್ಮ ಬೂಟನ್ನ ಇಲ್ಲೇ ಇಟ್ಕೊಳ್ಳುತ್ತೆ.” “ಜುಲೈನಲ್ಲಿ ಬನ್ನಿ, ನಿಮ್ಮೂರಲ್ಲಿ ಬೆಂದು ಹೋಗ್ತಿರ್ತೀರಲ್ಲ, ಇಲ್ಲಿ ಹೊದ್ಕೊಂಡು ಮಲಗ್ಬೋದು. ಸೊಳ್ಳೆ ಇದಾವೆ, ಆಮೇಲೆ ಹೇಳ್ಲಿಲ್ಲ ಅನ್ಬೇಡಿ.” “ಸೆಪ್ಟೆಂಬರ್ ಕೊನೆ ಚೆನ್ನಾಗಿರುತ್ತೆ, ಗುಡ್ಡವೆಲ್ಲ ಕೆಂಪು. ಹತ್ತೇ ದಿನ, ಒಂದು ಮಳೆ ಬಂತೋ ಮುಗೀತು.” ಮತ್ತೆ ನವೆಂಬರ್ ಎಂದವರಿಗೆ ಒಂದೇ ಗದರಿಕೆ: “ಅದು ಯಾರೂ ಬರೋ ಕಾಲ ಅಲ್ಲ! ಎಲೆ ಉದ್ರಿರುತ್ತೆ, ಹಿಮ ಬಿದ್ದಿರಲ್ಲ. ಊರು ಸ್ನಾನಕ್ಕೆ ಅಂತ ಬಟ್ಟೆ ಬಿಚ್ಚಿ ನಿಂತ ಮುದುಕನ ಥರ ಇರುತ್ತೆ.”

ಈ ಮನೆತನಕ್ಕೇ ಕಾಲದ ಹುಚ್ಚು. ನನ್ನ ಮಾವ ಮೀನು ಹಿಡಿಯುವವರು. ಮೂರು ಮಕ್ಕಳಿಗೂ ಪಂಚಾಂಗ ನೋಡಿ, ಹುಟ್ಟಿದ ದಿನದ ಹೆಸರನ್ನೇ ಇಟ್ಟರು. ಇಬ್ಬನಿ ಮೊದಲ ಸಲ ಹೆಪ್ಪುಗಟ್ಟುವ ದಿನ ಹುಟ್ಟಿದವಳು ಶ್ವಾಂಗ್. ದೊಡ್ಡ ಸೆಕೆಯ ದಿನ ಹುಟ್ಟಿದವನು ನನ್ನ ಗಂಡ ದಾಶು. ಆ ದೊಡ್ಡ ಸೆಕೆ ನವೆಂಬರಿನಲ್ಲಿ ಬಿಸಿ ಜಗಲಿ ಹತ್ತಿ ಮಲಗಿದರೆ ಮಾರ್ಚ್ ತನಕ ಇಳಿಯುವುದಿಲ್ಲ. ನಮ್ಮ ಮನೆಗಳಲ್ಲಿ ಮಲಗುವ ಜಗಲಿಯ ಅಡಿಯಲ್ಲೇ ಒಲೆಯ ಬಿಸಿ ಹರಿಯುತ್ತದೆ, ಅವನಿಗೆ ಅದೇ ಸ್ವರ್ಗ. ಕೊನೆಯವಳು, ಹೊಲದಲ್ಲಿ ಕಾಳು ತುಂಬತೊಡಗುವ ಮೇ ತಿಂಗಳ ದಿನ ಹುಟ್ಟಿದವಳು, ಶಾವ್‌ಮಾನ್.

ಕಾಳು ತುಂಬಿತೋ ಇಲ್ಲವೋ, ಆ ಹುಡುಗಿಯ ಎದೆಯಲ್ಲಿ ಉಬ್ಬಸ ತುಂಬಿತ್ತು. ಮೈನಸ್ ಇಪ್ಪತ್ತು ದಾಟಿದರೆ ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಅಕ್ಕನಿಗೂ ಅವಳಿಗೂ ಎಂಟು ವರ್ಷದ ಅಂತರ. ಅತ್ತೆಗೆ ಹೊಲ, ಹಂದಿ, ಅಡುಗೆ. ಹಾಗಾಗಿ ತಂಗಿಯನ್ನು ಹತ್ತಿಯ ಕೌದಿಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡು, ದೋಣಿಯಲ್ಲಿ ಹೊಳೆ ದಾಟಿ ಡಾಕ್ಟರ ಹತ್ತಿರ ಓಡುತ್ತಿದ್ದವಳು ಶ್ವಾಂಗಕ್ಕ. ಹೊರಗೆ ಆಡಲು ಹೋಗಲೇ ಎಂದು ಶಾವ್‌ಮಾನ್ ಕೇಳುತ್ತಿದ್ದದ್ದು ಅಮ್ಮನನ್ನಲ್ಲ, ಅಕ್ಕನನ್ನು. ಅಕ್ಕ ಬಾಗಿಲು ತೆರೆದು, ಗಾಳಿ ಮೂಸಿ, “ಹೋಗು” ಅಥವಾ “ಬೇಡ” ಅನ್ನುತ್ತಿದ್ದಳು. ಊರಿಗೆಲ್ಲ ದಿನ ಹೇಳುವ ಅಭ್ಯಾಸ ಅವಳಿಗೆ ಹತ್ತಿದ್ದೇ ಈ ತಂಗಿಯಿಂದ ಎಂದು ನನ್ನ ಅಂದಾಜು.

ಮೂವತ್ತೊಂಬತ್ತಕ್ಕೆ ಶಾವ್‌ಮಾನ್ ದಕ್ಷಿಣದ ಹೈನಾನ್‌ಗೆ ಹೋದಳು. ಡಾಕ್ಟರು ಹೇಳಿದ್ದರು, ಬದುಕಬೇಕಾದರೆ ಹಿಮ ಬೀಳದ ಕಡೆ ಇರಿ ಎಂದು. ಅಲ್ಲಿ ಸಮುದ್ರದ ದಂಡೆಯಲ್ಲಿ ನಮ್ಮ ಉತ್ತರದವರು ಊರಿಗೆ ಊರೇ ಇದ್ದಾರೆ. ಗಂಡ ಹೆಂಡತಿ ಸೇರಿ ಹುಳಿಕೋಸಿನ ಕಡುಬು ಮಾರುವ ಅಂಗಡಿ ಹಾಕಿಕೊಂಡರು. ಬೇಸಿಗೆಗೆ ಬರುತ್ತಿದ್ದಳು, ತೆಂಗಿನ ಮಿಠಾಯಿ ತರುತ್ತಿದ್ದಳು. ಅಕ್ಕ ತಂಗಿ ನಮ್ಮ ಮನೆಯಲ್ಲಿ ಒಂದೇ ಜಗಲಿಯ ಮೇಲೆ ಮಲಗಿ ಬೆಳಗಿನ ತನಕ ಪಿಸಪಿಸ ಅನ್ನುತ್ತಿದ್ದರೆ ಪಕ್ಕದ ಕೋಣೆಯಲ್ಲಿ ನಮಗೆ ನಿದ್ದೆ ಇಲ್ಲ.

ಒಂಬತ್ತು ವರ್ಷದ ಹಿಂದಿನ ಜನವರಿಯಲ್ಲಿ ಅದೆಲ್ಲ ನಿಂತುಹೋಯಿತು.

ಅತ್ತೆಗೆ ಆಗ ಎಂಬತ್ತನಾಲ್ಕು. ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿತ್ತು. ಶ್ವಾಂಗಕ್ಕನ ಮನೆಯಲ್ಲೇ ಇದ್ದರು. ಚಮಚದಲ್ಲಿ ಗಂಜಿ ಕುಡಿಯುತ್ತಿದ್ದರು, ಕಣ್ಣು ಹೊರಳಿಸಿ ನಮ್ಮನ್ನು ಗುರುತಿಸುತ್ತಿದ್ದರು. ಶಾವ್‌ಮಾನ್ ಫೋನ್ ಮಾಡಿದಾಗ ನಾನು ಅಲ್ಲೇ ಅತ್ತೆಯ ಕಾಲು ತಿಕ್ಕುತ್ತಿದ್ದೆ.

“ಅಕ್ಕ, ನಾನು ಈಗ ಬರ್ಲಾ? ಯಾವಾಗ ಬಂದ್ರೆ ಒಳ್ಳೇದು?”

ಶ್ವಾಂಗಕ್ಕ ಕಿಟಕಿಯ ಹಿಮ ಕೆರೆದು ಹೊರಗೆ ನೋಡಿದಳು. ಆ ವಾರ ಮೈನಸ್ ಮೂವತ್ತೊಂದು. ಅಂಥ ಚಳಿಯಲ್ಲಿ ಗಟ್ಟಿಮುಟ್ಟಾದ ನನಗೇ ಉಸಿರು ಕಟ್ಟುತ್ತಿತ್ತು.

“ಈಗ ಬೇಡ ಮಗಾ. ಈ ಚಳಿಗೆ ನಿನ್ನ ಎದೆ ತಡಿಯಲ್ಲ. ಅಮ್ಮ ಗಂಜಿ ಕುಡೀತಿದಾಳೆ, ಏನೂ ಆಗಲ್ಲ. ಹದಿನೈದು ದಿನ ತಡಿ, ಚಳಿ ಮುರಿಯುತ್ತೆ. ನಾನೇ ಹೇಳ್ತೀನಿ, ಆಗ ಬಾ.”

ನಾಲ್ಕನೆಯ ದಿನ ಬೆಳಗ್ಗೆ ಅತ್ತೆ ಹೋಗಿಬಿಟ್ಟರು. ಹೊರಗೆ ಎಲ್ಲ ಮರಕ್ಕೂ ಹೂ ಕಟ್ಟಿತ್ತು, ನಮ್ಮ ಕೋಣೆಗಳಲ್ಲಿದ್ದ ಜನ ಫೋಟೋ ತೆಗೆಯಲು ಓಡುತ್ತಿದ್ದರು. ಶ್ವಾಂಗಕ್ಕ ತಂಗಿಗೆ ಫೋನ್ ಮಾಡಿದಳು. ಆ ಕಡೆಯಿಂದ ಅಳು ಕೇಳಿಸಲಿಲ್ಲ. ಒಂದು ಮಾತು ಮಾತ್ರ ಬಂತು.

“ಹೊಳೆ ನೋಡಿ ಊರೋರಿಗೆಲ್ಲ ಸರಿಯಾಗಿ ದಿನ ಹೇಳ್ತೀಯ. ನನಗೊಬ್ಬಳಿಗೆ ತಪ್ಪು ಹೇಳ್ದೆ. ಈಗ ಬಂದು ಯಾರ ಮುಖ ನೋಡ್ಲಿ?”

ಅಷ್ಟೇ. ಮಣ್ಣಿಗೂ ಬರಲಿಲ್ಲ, ಮುಂದಿನ ಬೇಸಿಗೆಗೂ ಬರಲಿಲ್ಲ. ಹೊಸ ವರ್ಷದ ಹಬ್ಬಕ್ಕೆ ಅಣ್ಣನಿಗೆ ಫೋನ್ ಮಾಡುತ್ತಿದ್ದಳು, ಅಕ್ಕನ ಹೆಸರು ಎತ್ತುತ್ತಿರಲಿಲ್ಲ. ಶ್ವಾಂಗಕ್ಕ ಮೊದಲೆರಡು ವರ್ಷ ಫೋನ್ ಮಾಡಿ ನೋಡಿದಳು, ಎತ್ತಲಿಲ್ಲ. ಆಮೇಲೆ ಬಿಟ್ಟಳು. ಜಗಳ ಆಡಿದ್ದರೆ ಚೆನ್ನಾಗಿತ್ತು. ಜಗಳಕ್ಕೆ ಒಂದು ಕೊನೆ ಅಂತ ಇರುತ್ತದೆ.

ಯಾರ ಹತ್ತಿರವೂ ಅವಳು ಇದನ್ನು ಹೇಳಿಕೊಳ್ಳಲಿಲ್ಲ. ಆದರೆ ಒಂದು ಸಲ ಶೆನ್ಯಾಂಗ್‌ನ ಹೆಂಗಸೊಬ್ಬಳು ಫೋನಿನಲ್ಲಿ, “ನಮ್ಮಮ್ಮನಿಗೆ ಹುಷಾರಿಲ್ಲ, ಅಲ್ಲಿಗೆ ಬಂದು ಹೂ ನೋಡ್ಕೊಂಡು ಆಮೇಲೆ ಊರಿಗೆ ಹೋಗೋಣ ಅಂತಿದೀನಿ, ಯಾವ ದಿನ ಒಳ್ಳೇದು?” ಎಂದಳು. ಶ್ವಾಂಗಕ್ಕ ಎಷ್ಟು ಜೋರಾಗಿ ಕಿರುಚಿದಳೆಂದರೆ ನಾನು ಕಣಜದ ಆಚೆಯಿಂದ ಓಡಿ ಬಂದೆ.

“ಹೂವಿನ ಮನೆ ಹಾಳಾಯ್ತು! ಮೊದ್ಲು ಅಮ್ಮನ ಹತ್ರ ಹೋಗೇ, ಈಗ್ಲೇ ಹೋಗು!”

ಫೋನ್ ಇಟ್ಟು, ನನ್ನ ಕಡೆ ತಿರುಗದೆ, ಬಾಣಲೆ ತಿಕ್ಕತೊಡಗಿದಳು. ಆ ಬಾಣಲೆಯನ್ನು ಆಗಷ್ಟೇ ತಿಕ್ಕಿ ಇಟ್ಟಿದ್ದಳು. ನಾನು ಮನೆಗೆ ಬಂದೆ.

ಈ ಅಕ್ಟೋಬರಿನ ಕೊನೆಯಲ್ಲಿ, ಅಷ್ಟು ದಿನ ನನ್ನ ಗಂಡನಿಗೆ ಬರುತ್ತಿದ್ದ ತಂಗಿಯ ಫೋನ್ ನನಗೆ ಬಂತು.

“ಅತ್ತಿಗೆ, ಒಂದ್ ಕೆಲ್ಸ ಮಾಡ್ತೀಯಾ?” ಶಾವ್‌ಮಾನಳ ದನಿ ತೆಳುವಾಗಿತ್ತು, ಮಾತಿನ ನಡುವೆ ಉಸಿರಿಗಾಗಿ ನಿಲ್ಲುತ್ತಿದ್ದಳು. “ಊರಿಗೆ ಒಂದ್ ಸಲ ಬರ್ಬೇಕು. ಎದೆ ದಿನೇ ದಿನೇ ಕೆಡ್ತಿದೆ. ಇನ್ನೊಂದು ವರ್ಷ ಹೋದ್ರೆ ವಿಮಾನ ಹತ್ತಕ್ಕೆ ಬಿಡಲ್ವಂತೆ. ಯಾವಾಗ ಬಂದ್ರೆ ಒಳ್ಳೇದು ಅಂತ ಅಕ್ಕನ್ನ ಕೇಳು.”

“ನೀನೇ ಕೇಳೇ! ನಿನಗೆ ನಾಲಿಗೆ ಇಲ್ವಾ?”

“ನೀನು ಕೇಳು ಅತ್ತಿಗೆ.”

ನಾನು ಏದುಸಿರು ಬಿಡುತ್ತ ಕಣಜ ಸುತ್ತಿ ಓಡಿದೆ. ಶ್ವಾಂಗಕ್ಕ ಅಂಗಳದಲ್ಲಿ ಕೋಸು ಬಿಸಿಲಿಗೆ ಹರಡುತ್ತಿದ್ದಳು. ವಿಷಯ ಹೇಳಿದೆ. ಕೈಯಲ್ಲಿದ್ದ ಕೋಸನ್ನು ಕೆಳಗಿಟ್ಟಳು, ಎತ್ತಿಕೊಂಡಳು, ಮತ್ತೆ ಇಟ್ಟಳು.

“ನೋಡಿ ಹೇಳ್ತೀನಿ” ಅಂದಳು.

ಸರಿ, ನೋಡಲಿ. ಸಾಯಂಕಾಲ ದಂಡೆಗೆ ಹೋದಳು, ಬಂದಳು, ಏನೂ ಹೇಳಲಿಲ್ಲ. ಮಾರನೆಯ ದಿನ ಮತ್ತೆ ಹೋದಳು. ನಾಲ್ಕು ದಿನ ಹೋದಳು. ಮಧ್ಯೆ ಬೀಜಿಂಗ್‌ನವರಿಗೆ, ಚೆಂಗ್ಡುವಿನವರಿಗೆ, ಯಾವ ಯಾವ ಊರಿನ ಗುರುತಿಲ್ಲದವರಿಗೆಲ್ಲ ಪಟಪಟ ಉತ್ತರ ಕೊಟ್ಟಳು. ತಂಗಿಯ ಮಾತು ಬಂದರೆ ಬಾಯಿಗೆ ಬೀಗ. ಐದನೆಯ ದಿನ ನನಗೆ ತಡೆಯಲಾಗಲಿಲ್ಲ. ಕೋಸನ್ನು ಉಪ್ಪಿಗೆ ಹಾಕುವ ದಿನ ಅದು. ನಮ್ಮ ಅಡುಗೆಮನೆಯಲ್ಲಿ ಎರಡು ದೊಡ್ಡ ಜಾಡಿ ಇಟ್ಟುಕೊಂಡು ಇಬ್ಬರೂ ಮೊಣಕೈ ತನಕ ಒದ್ದೆ ಮಾಡಿಕೊಂಡು ಕೂತಿದ್ದೆವು.

“ಅಕ್ಕ, ಅವಳು ಹಿಮಹೂ ನೋಡಕ್ಕೆ ಬರ್ತಿಲ್ಲ. ನೀನು ಹೊಳೆ ದಂಡೇಲಿ ಏನು ಹುಡುಕ್ತಿದೀಯ?”

“ಸುಮ್ನಿರೇ ಫೆಂಗ್.”

“ಸುಮ್ನಿದ್ದೂ ಇದ್ದೂ ಒಂಬತ್ತು ವರ್ಷ ಆಯ್ತು! ಒಬ್ಬಳು ಅಲ್ಲಿ ಉಸಿರು ಹಿಡ್ಕೊಂಡು ಕಾಯ್ತಿದಾಳೆ, ಒಬ್ಬಳು ಇಲ್ಲಿ ಕಬ್ಬಿಣದ ಗೂಟ ನೆಕ್ತಿದಾಳೆ. ನಿಮ್ಮಿಬ್ಬರ ಮಧ್ಯೆ ನನ್ನ ತಲೆ ಕೆಟ್ಟು ಮೊಸರಾಗಿದೆ.”

ಅವಳು ಒಂದು ಕೋಸನ್ನು ಜಾಡಿಗೆ ಒತ್ತಿ, ಒತ್ತಿದ ಕೈಯನ್ನು ಅಲ್ಲೇ ಬಿಟ್ಟಳು.

“ಚಳಿಗಾಲಕ್ಕೆ ಬಾ ಅಂದ್ರೆ ಅವಳ ಎದೆ ಒಡೆಯುತ್ತೆ. ಜೂನ್‌ಗೆ ಬಾ ಅಂದ್ರೆ ಇನ್ನೂ ಎಂಟು ತಿಂಗ್ಳು. ಆಗ ಹದಿನೈದು ದಿನ ತಡಿ ಅಂದಿದ್ದಕ್ಕೇ ಏನಾಯ್ತು ಅಂತ ನೋಡಿದೀಯಲ್ಲ. ಈಗ ಬಾ ಅನ್ನಕ್ಕೆ... ಬಂದಾಗ ಚಳಿ ಒಂದೇ ಸಲ ಇಳಿದು ಅವಳಿಗೆ ಏನಾದ್ರೂ ಆದ್ರೆ? ಅವತ್ತು ಅಮ್ಮ, ಇವತ್ತು ಇವಳು. ನನ್ನ ಬಾಯಿಂದ ಹೇಗೆ ಹೇಳ್ಲಿ ಫೆಂಗ್? ನಂಗೆ ಹೆದ್ರಿಕೆ ಆಗುತ್ತೆ.”

ಅತ್ತ ದರಿ ಇತ್ತ ಪುಲಿ ಅಂದರೆ ಇದೇ. ಮದುವೆಯಾಗಿ ಬಂದ ಮೂವತ್ತೈದು ವರ್ಷದಲ್ಲಿ ಈ ಹೆಂಗಸಿನ ಬಾಯಲ್ಲಿ ಹೆದರಿಕೆ ಎನ್ನುವ ಶಬ್ದ ನಾನು ಕೇಳಿರಲಿಲ್ಲ. ನನ್ನ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ, ಅವಳ ಪಕ್ಕಕ್ಕೆ ಸರಿದು ಕೂತೆ.

“ಅಕ್ಕ, ನೀನು ಯಾರಿಗೂ ಸುಳ್ಳು ಹೇಳಿಲ್ಲ. ಅವಳಿಗೂ ಇರೋದು ಇದ್ದ ಹಾಗೆ ಹೇಳು. ಬರೋದು ಬಿಡೋದು ಅವಳಿಗೆ ಬಿಡು.”

ಜಗಲಿಯ ಮೇಲಿಂದ ನನ್ನ ಗಂಡ, ಮಲಗಿದ್ದವನು, “ಸರಿಯಾಗ್ ಹೇಳಿದ್ಲು” ಅಂದ. ಈ ವರ್ಷ ಅವನು ಆಡಿದ ಉಪಯೋಗದ ಮಾತು ಅದೊಂದೇ.

ಅವಳ ಕೈ ಉಪ್ಪುನೀರಿನಲ್ಲಿ ನೆನೆದಿತ್ತು. ನಾನೇ ನಂಬರ್ ಒತ್ತಿ, ಎಲ್ಲರಿಗೂ ಕೇಳುವ ಹಾಗೆ ದನಿ ಜೋರು ಮಾಡಿ, ಫೋನನ್ನು ಜಾಡಿಯ ಮುಚ್ಚಳದ ಮೇಲೆ ಇಟ್ಟೆ. ಎರಡೇ ಸಲ ಗಂಟೆ ಹೊಡೆಯಿತು.

“ಅತ್ತಿಗೆ?” ಅಂದಳು ಶಾವ್‌ಮಾನ್.

“ನಾನು” ಅಂದಳು ಶ್ವಾಂಗಕ್ಕ.

ಆ ಕಡೆಯಿಂದ ಉಸಿರು ಮಾತ್ರ, ಎಳೆದು ಎಳೆದು ಬಿಡುವ ಉಸಿರು.

“ನೀನು ಕೇಳಿದ್ಯಂತೆ. ಹೇಳ್ತೀನಿ ಕೇಳ್ಕೋ.” ಶ್ವಾಂಗಕ್ಕ ಪಾಠ ಒಪ್ಪಿಸುವ ಹುಡುಗಿಯಂತೆ ನೆಟ್ಟಗೆ ಕೂತು ಶುರು ಮಾಡಿದಳು. “ಈಗ ಎಲೆ ಎಲ್ಲ ಉದ್ರಿದೆ. ಹಿಮ ಬಿದ್ದಿಲ್ಲ. ದಾರಿ ಪೂರ್ತಿ ಕೆಸರು. ಬೆಳಗ್ಗೆ ಮೈನಸ್ ಐದು, ಮಧ್ಯಾಹ್ನ ಆರೋ ಏಳೋ. ಗಾಳಿ ಇದೆ, ಜಾಸ್ತಿ ಇಲ್ಲ. ಇನ್ನೂ ಹತ್ತು ದಿನ ಹೀಗೇ ಇರುತ್ತೆ, ಆಮೇಲೆ ನಂಗೆ ಗೊತ್ತಿಲ್ಲ. ತಪ್ಪಬಹುದು. ನಾನು ತಪ್ತೀನಿ. ಹೊಳೆ ಪಾತ್ರೆ ತೊಳೆದ ನೀರಿನ ಬಣ್ಣ ಇದೆ. ಇಲ್ಲಿ ನೋಡೋಕೆ ಏನೇನೂ ಇಲ್ಲ ಶಾವ್‌ಮಾನ್.”

ನಿಲ್ಲಿಸಿದಳು. ಮೂಗು ಎಳೆದುಕೊಂಡಳು.

“ನೋಡೋಕೆ ನಾನಿದೀನಿ ಅಷ್ಟೆ. ಬಾ.”

ಲೈನ್ ಹೋಯಿತೇನೋ ಎಂದು ನಾನು ಬಗ್ಗಿ ನೋಡಿದೆ.

“ಅಮ್ಮನಿಗೆ ಚಳಿಬಟ್ಟೆ ಸುಡೋ ದಿನ ಬರ್ತಿದೆಯಲ್ವಾ?” ಅಂದಳು ಶಾವ್‌ಮಾನ್. “ಅದರ ಹಿಂದಿನ ದಿನ ಬರ್ತೀನಿ.”

ಅವಳು ಬಂದ ದಿನ ಶ್ವಾಂಗಕ್ಕ ಬೆಳಗಿನಿಂದ ಒಲೆಗೆ ಕಟ್ಟಿಗೆ ತುಂಬಿ ತುಂಬಿ ಜಗಲಿಯನ್ನು ರೊಟ್ಟಿ ಬೇಯುವಷ್ಟು ಕಾಯಿಸಿದ್ದಳು. ಬಾಗಿಲ ಸಂದಿಗೆಲ್ಲ ಕಾಗದ ಅಂಟಿಸಿದ್ದಳು. ಮಧ್ಯಾಹ್ನ ದೋಣಿ ಬಂದಾಗ ಇಬ್ಬರೂ ದಂಡೆಗೆ ಹೋದೆವು. ದೋಣಿಯಿಂದ ಇಳಿದವಳನ್ನು ನನಗೆ ಮೊದಲು ಗುರುತು ಸಿಗಲಿಲ್ಲ. ಬಿಸಿಲಿಗೆ ಕಪ್ಪಾಗಿದ್ದಳು, ಕೂದಲು ಪೂರ್ತಿ ಬೆಳ್ಳಗೆ. ಬಾಯಿಗೆ ಒಂದರ ಮೇಲೊಂದು ಎರಡು ಬಟ್ಟೆ ಕಟ್ಟಿಕೊಂಡಿದ್ದಳು.

“ದಪ್ಪ ಆಗಿದೀಯ” ಅಂದಳು ಶ್ವಾಂಗಕ್ಕ.

“ನೀನು ಕುಳ್ಳಿ ಆಗಿದೀಯ” ಅಂದಳು ಶಾವ್‌ಮಾನ್.

“ಮೊದಲೂ ಕುಳ್ಳೀನೇ.”

ಅಷ್ಟಾಗಿ ಮನೆ ಸೇರಿದೆವು. ಊಟ ಆಯಿತು, ಬಟ್ಟಲುಗಳು ಖಾಲಿಯಾದವು. ಇಬ್ಬರೂ ನನ್ನ ಜೊತೆ ಮಾತಾಡಿದರು, ಪರಸ್ಪರ ಮಾತಾಡಲಿಲ್ಲ. ನನ್ನ ಗಂಡನ ಕಡೆ ನೋಡಿ ನಾನು ತಲೆ ಚಚ್ಚಿಕೊಂಡೆ.

ಮರುದಿನ ನಮ್ಮ ಪಂಚಾಂಗದ ಹತ್ತನೆಯ ತಿಂಗಳ ಮೊದಲ ದಿನ. ಚಳಿಗಾಲ ಹಿಡಿಯುವ ಮೊದಲೇ, ತೀರಿಹೋದವರಿಗೆ ಕಾಗದದ ಬಟ್ಟೆ ಸುಟ್ಟು ಕಳಿಸುವ ದಿನ. ಪಟ್ಟಣದಲ್ಲಿ ಕಟ್ಟು ಕಟ್ಟು ಸಿಗುತ್ತದೆ. ಶ್ವಾಂಗಕ್ಕ ಕೊಳ್ಳುವುದಿಲ್ಲ, ತಾನೇ ನೀಲಿ ಕಾಗದದಲ್ಲಿ ಕೋಟು ಕತ್ತರಿಸಿ, ಒಳಗೆ ನಿಜವಾದ ಹತ್ತಿ ತುಂಬಿ, ದಾರದಲ್ಲಿ ಹೊಲಿಯುತ್ತಾಳೆ. ಅತ್ತೆಗೆ ಮೊಣಕಾಲು ಹಿಡಿಯುತ್ತಿತ್ತು ಎಂದು ಪೈಜಾಮದ ಮೊಣಕಾಲಿಗೆ ಎರಡು ಪದರ ಹತ್ತಿ. ಮೂವರೂ ಮಧ್ಯಾಹ್ನದ ಬಿಸಿಲಿಗೆ ಸಮಾಧಿಯ ಗುಡ್ಡಕ್ಕೆ ಹೊರಟೆವು. ಗುಡ್ಡ ಅಂದರೆ ದೊಡ್ಡದೇನಲ್ಲ, ಆದರೂ ಶಾವ್‌ಮಾನ್ ಹತ್ತು ಹೆಜ್ಜೆಗೊಮ್ಮೆ ನಿಂತಳು. ಅವಳು ನಿಂತಾಗಲೆಲ್ಲ ಮುಂದೆ ಹೋಗುತ್ತಿದ್ದ ಶ್ವಾಂಗಕ್ಕ, ಹಿಂದೆ ತಿರುಗದೆ, ತಾನೂ ನಿಂತಳು.

ಅತ್ತೆಯ ಸಮಾಧಿಯ ಮೇಲೆ ಒಣಹುಲ್ಲು ಬೆಳೆದಿತ್ತು. ಶಾವ್‌ಮಾನ್ ಅದರ ಮುಂದೆ ಮಂಡಿಯೂರಿ ಹಣೆ ನೆಲಕ್ಕೆ ಮುಟ್ಟಿಸಿದಳು. ಎದ್ದಾಗ ಹಣೆಯಲ್ಲಿ ಕೆಸರು. ಶ್ವಾಂಗಕ್ಕ ಬೆಂಕಿ ಹಚ್ಚಿ, ಪೈಜಾಮವನ್ನು ಮೊದಲು ಇಟ್ಟಳು.

“ಅಕ್ಕ” ಅಂದಳು ಶಾವ್‌ಮಾನ್. “ಅಮ್ಮನ ಎದುರಿಗೇ ಹೇಳ್ಬಿಡ್ತೀನಿ. ಇದನ್ನ ಹೇಳಕ್ಕೇ ಬಂದಿದ್ದು.”

ಶ್ವಾಂಗಕ್ಕ ಬೆಂಕಿ ನೋಡುತ್ತಿದ್ದಳು.

“ಆ ಜನವರೀಲಿ ನಿನಗೆ ಫೋನ್ ಮಾಡ್ದಾಗ ಟಿಕೆಟ್ ನನ್ನ ಕೈಲಿತ್ತು. ಮಾರನೇ ದಿನದ್ದು. ನಮ್ಮೋರು ಬ್ಯಾಗೂ ಕಟ್ಟಿದ್ರು. ನಂಗೆ ಹೆದ್ರಿಕೆ ಆಯ್ತು. ಉಬ್ಬಸಕ್ಕಲ್ಲ. ಅಮ್ಮನ ಬಾಯಿ ಸೊಟ್ಟ ಆಗಿದೆ, ಮಾತಿಲ್ಲ ಅಂತ ಅಣ್ಣ ಹೇಳಿದ್ದ. ಹಾಗಿರೋ ಅಮ್ಮನ್ನ ನೋಡಕ್ಕೆ ನಂಗೆ ಧೈರ್ಯ ಇರ್ಲಿಲ್ಲ. ಅಣ್ಣನ್ನ ಕೇಳಿದ್ರೆ ‘ಬಾ’ ಅಂತಿದ್ದ. ಅದಕ್ಕೆ ನಿನ್ನ ಕೇಳ್ದೆ. ನೀನು ಬೇಡ ಅಂತೀಯ ಅಂತ ಗೊತ್ತಿತ್ತು. ಚಿಕ್ಕಂದಿನಿಂದ ಗೊತ್ತಿತ್ತು. ನೀನು ಅಂದೆ, ನಂಗೆ ಜೀವ ಬಂದ ಹಾಗಾಯ್ತು. ಅಮ್ಮ ಹೋದ್ಮೇಲೆ... ಎಲ್ಲಾ ನಿನ್ನ ತಲೆ ಮೇಲೆ ಹಾಕ್ದೆ.”

ಗಾಳಿ ಇರಲಿಲ್ಲ. ಕಾಗದ ಸುರುಳಿಯಾಗಿ ಉರಿಯುತ್ತಿತ್ತು. ಶ್ವಾಂಗಕ್ಕ ನಿಧಾನವಾಗಿ ತಿರುಗಿದಳು. ಅವಳ ಮುಖ ನೋಡಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

“ಒಂಬತ್ತು ವರ್ಷ!” ಕೈಯಲ್ಲಿದ್ದ ಕಾಗದದ ಕೋಟನ್ನು ಸುರುಳಿ ಮಾಡಿ ತಂಗಿಯ ಬೆನ್ನಿಗೆ ಬಾರಿಸಿದಳು. “ಒಂಬತ್ತು ವರ್ಷ ಕಣೇ! ದಿನಾ ಬೆಳಗ್ಗೆ ಎದ್ದು, ನಾನು ಅಮ್ಮನ್ನ ನಿನ್ನಿಂದ ಕಿತ್ಕೊಂಡೆ ಅಂತ... ಅನ್ನ ಇಳಿದಿಲ್ಲ ಕಣೇ ನಂಗೆ! ಪಾಪಿ! ಒಂದ್ ಮಾತು, ಒಂದೇ ಒಂದ್ ಮಾತು ಹೇಳಕ್ಕಾಗ್ಲಿಲ್ವಾ ನಿನಗೆ!”

ಇನ್ನೊಂದು ಏಟು, ಮತ್ತೊಂದು. ಕೋಟು ಹರಿದು ಹತ್ತಿ ಹಾರಿತು. ಶಾವ್‌ಮಾನ್ ತಪ್ಪಿಸಿಕೊಳ್ಳಲಿಲ್ಲ, ತಲೆ ತಗ್ಗಿಸಿ ಬೆನ್ನು ಕೊಟ್ಟು ನಿಂತಳು. ನಾನು ಬಿಡಿಸಲು ಹೋಗಲಿಲ್ಲ. ಬೀಳಬೇಕಾದ ಏಟು ಬೀ‍ಳಲಿ ಎನ್ನಿಸಿತು.

ಅಷ್ಟರಲ್ಲಿ ಹೊಗೆ ಈ ಕಡೆ ಬಾಗಿತು. ಶಾವ್‌ಮಾನ್‌ಗೆ ಕೆಮ್ಮು ಹತ್ತಿತು. ಕೆಮ್ಮಿ ಕೆಮ್ಮಿ ಮಂಡಿ ಕುಸಿದು ಕೂತಳು, ಉಸಿರು ಸಿಳ್ಳೆ ಹೊಡೆಯತೊಡಗಿತು. ಶ್ವಾಂಗಕ್ಕನ ಎತ್ತಿದ ಕೈ ಅಲ್ಲೇ ನಿಂತಿತು. ಕೋಟು ಬಿಸಾಕಿ, ತನ್ನ ಕತ್ತಿನ ಉಣ್ಣೆ ಬಟ್ಟೆ ಬಿಚ್ಚಿ ತಂಗಿಯ ಮೂಗು ಬಾಯಿಗೆ ಸುತ್ತಿ, ಎರಡೂ ಕಂಕುಳಿಗೆ ಕೈ ಹಾಕಿ ಎಳೆದುಕೊಂಡು ಹೊಗೆಯಿಂದ ಆಚೆಗೆ ಬಂದಳು. ಬೆನ್ನು ನೀವಿದಳು. “ಮೆಲ್ಲಗೆ. ಮೂಗಲ್ಲಿ ಎಳ್ಕೋ. ಮೆಲ್ಲಗೆ ಮಗಾ, ಮೆಲ್ಲಗೆ” ಅನ್ನುತ್ತಿದ್ದಳು. ಅವಳ ಕಣ್ಣಿನಿಂದ ನೀರು ಇಳಿದು ಆ ಸುಟ್ಟ ಕೆನ್ನೆಯ ಮೇಲೆಲ್ಲ ಹರಿಯುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ನಾನು ಹರಿದ ಕೋಟನ್ನು ಎತ್ತಿಕೊಂಡು, ಹಾರಿದ ಹತ್ತಿಯನ್ನು ಹುಲ್ಲಿನಿಂದ ಆರಿಸಿ ಒಳಗೆ ತುರುಕಿ, ಬೆಂಕಿಯ ಮೇಲಿಟ್ಟೆ. ಅತ್ತೆ ಹರಿದದ್ದನ್ನು ತಾವೇ ಹೊಲಿದುಕೊಳ್ಳಬಲ್ಲರು.

ಉಸಿರು ಹದಕ್ಕೆ ಬರುವ ತನಕ ಇಬ್ಬರೂ ನೆಲದ ಮೇಲೇ ಕೂತಿದ್ದರು.

“ಅಕ್ಕ, ಮತ್ತೆ ಯಾವಾಗ ಬರ್ಲಿ?” ಬಟ್ಟೆಯ ಒಳಗಿನಿಂದ ಶಾವ್‌ಮಾನ್ ಕೇಳಿದಳು.

“ಇನ್ಮೇಲೆ ನನ್ನ ಕೇಳ್ಬೇಡ. ಬರ್ಬೇಕು ಅನ್ನಿಸ್ತಾ, ಬಂದ್ಬಿಡು.”

“ಮೈನಸ್ ಮೂವತ್ತಿದ್ರೂ?”

“ಇರ್ಲಿ. ಒಲೆ ಉರಿಸಕ್ಕೆ ನಾನಿದೀನಿ” ಅಂದಳು ಶ್ವಾಂಗಕ್ಕ.